ಮೇಲ್ದವಡೆ, ಎಡಗಡೆ

ವಾರದಲ್ಲಿ ಐದು ದಿನ ನಾನು ಜೀವಂತ ಬಾಯಿಗಳ ಕೆಲಸದವಳು.
ವ್ಯಾಲೆಂಟೈನ್ ಊರಿನ ಮುಖ್ಯ ಬೀದಿಯ ಕ್ಲಿನಿಕ್ಕಿನಲ್ಲಿ
ದನಗಾಹಿಗಳ ಹಲ್ಲಿನ ಹೊಗೆಸೊಪ್ಪಿನ ಕಂದು ಕೆರೆಯುತ್ತೇನೆ,
ಇನ್ನೂ ಅಗಲ, ಇನ್ನೂ ಅಗಲ ಅನ್ನುತ್ತೇನೆ.
ಶನಿವಾರ ಮಾತ್ರ
ಯಾರಿಗೂ ಬಾಯಿ ತೆರೆಯಲು ಹೇಳಬೇಕಾಗಿಲ್ಲ.

ಹಳೆಯ ಮೇವಿನ ಅಂಗಡಿಯ ಹಿಂಗೋಣೆ,
ಮಾರ್ಲಿಸ್ ಹೊವೊರ್ಕಾಳ ಪ್ರಯೋಗಾಲಯ:
ಒಂದು ಸೂಕ್ಷ್ಮದರ್ಶಕ, ಎರಡು ಸ್ಟೂಲು,
ನಯೋಬ್ರಾರ ನದಿಯ ದಂಡೆಯಿಂದ ಹೊತ್ತು ತಂದ ಮಣ್ಣಿನ ಚೀಲಗಳು.
ತೊಟ್ಟಿಯಲ್ಲಿ ನೆನೆಹಾಕುವುದು, ಜಾಲರಿಯಲ್ಲಿ ಜಾಲಿಸುವುದು,
ಒಣಗಿಸುವುದು, ಮತ್ತೆ ಜಾಲಿಸುವುದು.
ಅಕ್ಕಿಯಲ್ಲಿ ಕಲ್ಲು ಹುಡುಕಿ ಎಸೆಯುತ್ತಾರಲ್ಲ,
ಇಲ್ಲಿ ತಿರುಗುಮುರುಗು,
ಕಲ್ಲೆಲ್ಲ ಎಸೆದ ಮೇಲೆ ಉಳಿಯುವ ಒಂದು ಅಕ್ಕಿ.
ಅಕ್ಕಿಯೂ ಅಲ್ಲ. ನುಚ್ಚು.

ಒದ್ದೆ ಕುಂಚದ ತುದಿಗೆ ಅಂಟಿಸಿ ಎತ್ತಬೇಕು,
ಉಸಿರು ಬಿಟ್ಟರೆ ಹೋಯಿತು.
ಒಮ್ಮೆ ನಾನು ಸೀನಿದೆ.
ಒಂದು ಕೋಟಿ ಮೂವತ್ತು ಲಕ್ಷ ವರ್ಷ ಕಾದಿದ್ದ ದವಡೆಹಲ್ಲು
ಮುಕ್ಕಾಲು ಗಂಟೆಯ ನಂತರ ಮಾರ್ಲಿಸಳ ಸ್ವೆಟರಿನಲ್ಲಿ ಸಿಕ್ಕಿತು.
ಬಯ್ಯಲಿಲ್ಲ. ಅವತ್ತು ಕಾಫಿ ಕೊಡಲೂ ಇಲ್ಲ.

ಅವಳು ಕಲಿಸಿದ್ದು ಇಷ್ಟು:
ಏಣುಗಳು ಎತ್ತರ, ಚೂಪು, ಒತ್ತೊತ್ತಾಗಿದ್ದರೆ ನೆಲದ ಅಳಿಲು,
ತಗ್ಗಾಗಿ ದುಂಡಗಿದ್ದರೆ ಮರದ್ದು,
ಬಟ್ಟೆ ಒಗೆದ ಬೆರಳಿನಂತೆ ಸುಕ್ಕುಸುಕ್ಕಾಗಿದ್ದರೆ
ಹಾರುವುದು ಇರಬಹುದು.
ಇರಬಹುದು ಎಂಬ ಮಾತನ್ನು ಅವಳು
ಹಲ್ಲಿಗಿಂತ ಜೋಪಾನವಾಗಿ ಎತ್ತಿಡುತ್ತಾಳೆ.
ಬಾಲ ಹೇಗಿತ್ತು, ಬೆನ್ನಿಗೆ ಗೆರೆಯಿತ್ತೇ, ಕೇಳಬಾರದು.
ಆ ಮೂರು ಬೆರಳೆಳೆದ ಕತೆಯನ್ನು ಒಮ್ಮೆ ಹೇಳಿದೆ.
ಪೂರ್ತಿ ಕೇಳಿಸಿಕೊಂಡು,
“ಯಾವ ಪದರದಲ್ಲಿ ಸಿಕ್ಕಿತು?” ಅಂದಳು.

ಜನವರಿಯಲ್ಲಿ ಸಿಕ್ಕಿತು ಎಪ್ಪತ್ತೊಂದನೆಯ ನಂಬರಿನದು.
ಮೇಲ್ದವಡೆ, ಎಡಗಡೆ. ಒಂದೂವರೆ ಮಿಲಿಮೀಟರ್.
ಎನಾಮಲ್ ತೆಳು. ಮುಂದಿನ ಮೂಲೆ ಮೂತಿ ಚಾಚಿದೆ.
ಪುಸ್ತಕಗಳ ಚಿತ್ರದಲ್ಲಿ ಇಂಥ ಮುಖವೇ ಇಲ್ಲ.
ಹೊಸ ಪ್ರಭೇದ ಅಂತ ಅವಳೂ ಹೇಳಲಿಲ್ಲ, ನಾನೂ ಹೇಳಲಿಲ್ಲ,
ಗುಂಡುಸೂಜಿಯ ತಲೆಗೆ ಅದನ್ನು ಕೂರಿಸುವಾಗ
ಮೇಣ ಮಾತ್ರ ತುಸು ಹೆಚ್ಚೇ ಹಚ್ಚಿದಳು.
ನಾನು ರಾತ್ರಿ ಪಾತ್ರೆ ತೊಳೆಯುತ್ತ ಹೆಸರು ಹುಡುಕುತ್ತಿದ್ದೆ,
ಲ್ಯಾಟಿನ್ ಬಾಲ ಅಂಟಿಸಿದ ಕನ್ನಡದ ಹೆಸರು.
ನಾಚಿಕೆಯಾಗುತ್ತದೆ ಈಗ.

ಮಾರ್ಚ್ ತಿಂಗಳ ಒಂದು ಮಂಗಳವಾರ, ಕ್ಲಿನಿಕ್ಕಿನಲ್ಲಿ,
ಡಾಸನ್ ಎಂಬ ಹತ್ತು ವರ್ಷದ ಹುಡುಗ
ಅಲುಗುವ ಹಿಂಬದಿ ಹಲ್ಲನ್ನು ನಾಲಿಗೆಯಲ್ಲಿ ತಳ್ಳುತ್ತ ಬಂದ.
ಹತ್ತಿಯಲ್ಲಿ ಹಿಡಿದೆ, ಬಂದೇಬಿಟ್ಟಿತು.
ಮಗುಚಿದೆ: ಬೇರಿಲ್ಲ.
ಬುಡದಲ್ಲಿ ಇಲಿ ಕೊರೆದಂಥ ಗುಳಿ,
ಕೆಳಗಿಂದ ಬರುವ ಹೊಸ ಹಲ್ಲಿಗೆ ದಾರಿ ಬಿಟ್ಟು ಕರಗಿದ ಗುರುತು.
ಸಾವಿರ ಸಲ ನೋಡಿದ್ದೆ.
ಕೈಗವಸು ಕಳಚದೆ ಗೋಡೆ ನೋಡುತ್ತ ನಿಂತಿದ್ದೆನಂತೆ,
ಆಮೇಲೆ ಅವನ ತಾಯಿ ಹೇಳಿದರು.

ಆ ಶನಿವಾರ ಮಣ್ಣು ಮುಟ್ಟಲಿಲ್ಲ.
ಮೇಣ ಬಿಡಿಸಿ ಹಲ್ಲನ್ನು ಮಗುಚಿದೆವು.
ಮೇಣದ ಅಡಿಯಲ್ಲೇ ಇತ್ತು ಅದೇ ಗುಳಿ.
“ಹಾಲುಹಲ್ಲು,” ಅಂದೆ.
ಅವಳ ಭಾಷೆಯಲ್ಲಿ ಹೇಳಲು ಮರೆತಿದ್ದೆ, ಅವಳಿಗೆ ಅರ್ಥವಾಗಿತ್ತು.
ಹನ್ನೆರಡನೆಯ ಡಬ್ಬಿಯ ಮಾಮೂಲಿ ನೆಲದಳಿಲು,
ಅದರ ದೊಡ್ಡ ಹಲ್ಲುಗಳು ನಮ್ಮಲ್ಲಿ ಇನ್ನೂರಿವೆ.
ಚೀಟಿಯ ಮೇಲಿನ ಪ್ರಶ್ನೆಚಿಹ್ನೆಯನ್ನು ಅಳಿಸಿದಳು,
ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದಳು.
ಆ ಕೋಣೆಯಲ್ಲಿ ಯಾರಾದರೂ ಊದಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮನೆಗೆ ಹೋಗುವಾಗ ನದಿಯ ಸೇತುವೆಯ ಮೇಲೆ ಕಾರು ನಿಧಾನ ಮಾಡಿದೆ.
ಡಬ್ಬಿಗಳಲ್ಲಿರುವ ಉಳಿದದ್ದೆಲ್ಲ ಸತ್ತವರ ಹಲ್ಲು,
ಗೂಬೆ ಕಾರಿದ್ದು, ನೆರೆ ಎಳೆದದ್ದು.
ಇದೊಂದು, ಬದುಕಿದ್ದಾಗಲೇ ಬಿದ್ದದ್ದು.
ನನ್ನವೂ ಇಪ್ಪತ್ತಿವೆ,
ಸಗಣಿಯುಂಡೆಯಲ್ಲಿಟ್ಟು ಹಾವೇರಿಯ ಹಂಚಿನ ಮೇಲೆ ಎಸೆದವು,
ಯಾರೂ ನಂಬರು ಹಾಕಿಲ್ಲ.

ಯಾವುದೋ ಬಿಲದ ಬಾಯಲ್ಲಿ ಬೀಜ ಕಡಿಯುತ್ತಿದ್ದದ್ದು
ತುಸು ನಿಲ್ಲುತ್ತದೆ. ಉಗಿಯುತ್ತದೆ.
ಖಾಲಿ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತದೆ,
ಚೂಪಾದದ್ದೇನೋ ಆಗಲೇ ಅಲ್ಲಿದೆ,
ಬೀಜವನ್ನು ಇನ್ನೊಂದು ಪಕ್ಕಕ್ಕೆ ಹೊರಳಿಸುತ್ತದೆ.